ಹಾಲಿನ ವ್ಯಾನಿಗೆ ಹತ್ತಿರದ ಸುತ್ತು ಯಾವುದು?

ಶೀತಲೀಕರಣ ಕೇಂದ್ರದಿಂದ ಹೊರಟ ವ್ಯಾನು ಹತ್ತು ಹಳ್ಳಿಗಳ ಹಾಲಿನ ಕ್ಯಾನು ತುಂಬಿಕೊಂಡು ಮರಳಬೇಕು. ಬೇಸಿಗೆಯಲ್ಲಿ ತಡವಾದರೆ ಹಾಲು ಹುಳಿಯಾಗಿ ಕ್ಯಾನು ಹಿಂದಕ್ಕೆ ಬಂದೀತು. ನಷ್ಟ ನಿಮ್ಮದೇ. ಹಾಗಾದರೆ ಯಾವ ಊರಿನ ನಂತರ ಯಾವ ಊರು?

ಎಲ್ಲ ಸುತ್ತುಗಳನ್ನೂ ಅಳೆಯಲು ಹೊರಡಬೇಡಿ. ಎಡದಿಂದ ಹೋದರೂ ಬಲದಿಂದ ಹೋದರೂ ಒಂದೇ ಎಂದೆಣಿಸಿದರೂ 18,14,400 ಸುತ್ತುಗಳಾಗುತ್ತವೆ. ನಿಮಿಷಕ್ಕೊಂದರಂತೆ ಹಗಲಿರುಳು ಲೆಕ್ಕ ಹಾಕಿದರೆ 1,260 ದಿನ ಬೇಕು! ಇದು ಹೊಸ ತೊಡಕೇನಲ್ಲ. ಬಂಗಾಳದ ಸೆಣಬು ಬೆಳೆಯ ಸಮೀಕ್ಷೆ ನಡೆಸಿದ ಪಿ.ಸಿ. ಮಹಲನೋಬಿಸ್ ಅವರು ಗದ್ದೆಯಿಂದ ಗದ್ದೆಗೆ ಓಡಾಡುವ ಖರ್ಚಿನ ಬಗ್ಗೆ 1940ರಲ್ಲೇ ಬರೆದಿದ್ದರು.

ಈಗಿರುವ ಸುತ್ತನ್ನೇ ಹಿಡಿದು ಸ್ವಲ್ಪ ಸ್ವಲ್ಪವೇ ತಿದ್ದುವುದು ಸುಲಭ. ಊರುಗಳಿಗೆ ಸರದಿಯಂತೆ 1ರಿಂದ 10ರವರೆಗೆ ಅಂಕಿ ಕೊಡಿ. 2ರಿಂದ 3ಕ್ಕೆ, 5ರಿಂದ 6ಕ್ಕೆ ಹೋಗುವ ದಾರಿಗಳನ್ನು ಬಿಟ್ಟು, ನಡುವಿನ ಊರುಗಳನ್ನು ಹಿಂದುಮುಂದು ಮಾಡಿ 2, 5, 4, 3, 6 ಎಂದು ಜೋಡಿಸಿ. ಬಿಟ್ಟ ಎರಡು ದಾರಿಗಳ ಮತ್ತು ಹೊಸದಾಗಿ ಹಿಡಿದ ಎರಡು ದಾರಿಗಳ ದೂರವನ್ನಷ್ಟೇ ಹೋಲಿಸಿದರೆ ಸಾಕು. ಕಡಿಮೆಯಾದರೆ ಇಟ್ಟುಕೊಳ್ಳಿ, ಇಲ್ಲವಾದರೆ ಬೇರೆರಡು ದಾರಿ ನೋಡಿ. ನಕ್ಷೆಯಲ್ಲಿ ದಾರಿಗಳು ಒಂದನ್ನೊಂದು ಅಡ್ಡ ಹಾಯುವ ಕಡೆ ಮೊದಲು ಕೈ ಹಾಕುವುದು ಲೇಸು.

ಕೊನೆಗೊಮ್ಮೆ ಯಾವ ಅದಲುಬದಲಿನಿಂದಲೂ ದೂರ ತಗ್ಗುವುದಿಲ್ಲ. ಇದೇ ಅತಿ ಚಿಕ್ಕ ಸುತ್ತೆಂದು ನಂಬಿದಿರೋ, ಮೋಸಹೋದಿರಿ! ಹೊಲದ ನೀರು ಗುಂಡಿಯಲ್ಲಿ ನಿಂತಿದೆ. ಕೆರೆ ಇನ್ನೂ ಕೆಳಗಿದೆ, ನಡುವೆ ಬದು ಅಡ್ಡವಿದೆ. ಬದು ದಾಟಲು, ತುಸು ಉದ್ದವಾಗುವ ಸುತ್ತನ್ನೂ ಒಮ್ಮೊಮ್ಮೆ ಬೇಕೆಂದೇ ಒಪ್ಪಬೇಕು.

ಎಷ್ಟು ಒಪ್ಪಬೇಕು? ಕಮ್ಮಾರನ ಕುಲುಮೆ ನೋಡಿ. ಕಾದ ಉಕ್ಕನ್ನು ನೀರಿಗದ್ದಿದರೆ ಪೆಡಸಾಗುತ್ತದೆ. ಬೂದಿಯಲ್ಲಿ ಮುಚ್ಚಿ ನಿಧಾನವಾಗಿ ಆರಿಸಿದರೆ ಕಣಗಳು ಹೊಂದಿ ಕುಳಿತು ಮೆದುವಾಗುತ್ತದೆ. 1983ರಲ್ಲಿ ಐಬಿಎಂ ಸಂಸ್ಥೆಯ ಕರ್ಕ್‌ಪ್ಯಾಟ್ರಿಕ್, ಜೆಲಾಟ್, ವೆಕ್ಕಿ ಎಂಬುವರು ಇದೇ ಬಗೆಯನ್ನು ಕಂಪ್ಯೂಟರಿನ ಲೆಕ್ಕಕ್ಕೆ ಅಳವಡಿಸಿ ಪ್ರಕಟಿಸಿದರು. ಮೊದಮೊದಲು ಉದ್ದವಾಗುವ ಬದಲಾವಣೆಗೂ ಧಾರಾಳ ಒಪ್ಪಿಗೆ, ಬರಬರುತ್ತಾ ಬಿಗಿ, ಕಡೆಗೆ ದೂರ ತಗ್ಗಿದರೆ ಮಾತ್ರ. 1986ರಲ್ಲಿ ಫ್ರೆಡ್ ಗ್ಲೋವರ್ ಮತ್ತೊಂದು ಉಪಾಯ ಹೇಳಿದರು: ಈಗತಾನೆ ಮಾಡಿದ ಬದಲಾವಣೆಯನ್ನು ಕೆಲವು ಸರದಿಯವರೆಗೆ ಹಿಂದಕ್ಕೆ ತಿರುಗಿಸುವಂತಿಲ್ಲ. ಇಲ್ಲದಿದ್ದರೆ ಲೆಕ್ಕ ಹಳೆಯ ಗುಂಡಿಗೇ ಜಾರುತ್ತದೆ.

ಇವುಗಳಿಂದ ಅತಿ ಚಿಕ್ಕ ಸುತ್ತೇ ಸಿಕ್ಕೀತೆಂಬ ಖಾತರಿಯಿಲ್ಲ. ಆದರೆ ಒಳ್ಳೆಯದೊಂದು ಬೇಗ ಸಿಗುತ್ತದೆ. ಹತ್ತು ಊರಿಗಾದರೆ ಚೀಟಿ, ಪೆನ್ಸಿಲು ಸಾಕು. ಕಚ್ಚಾ ರಸ್ತೆಯಿದ್ದಲ್ಲಿ ದೂರದ ಬದಲು ನಿಮಿಷ ಎಣಿಸಿ. ಬೇರೆ ಬೇರೆ ಸರದಿಯಿಂದ ನಾಲ್ಕಾರು ಬಾರಿ ಆರಂಭಿಸಿ, ಸಿಕ್ಕಿದ್ದರಲ್ಲಿ ಚಿಕ್ಕದನ್ನು ಮರೆಯದೆ ಬರೆದಿಟ್ಟುಕೊಳ್ಳಿ.