ಗೋಕಾಕ ಫಾಲ್ಸ್: ‘ಏಷ್ಯಾದ ಮೊದಲ ಕರೆಂಟ್’ ಇಲ್ಲೇ ಹುಟ್ಟಿತೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಮಳೆಗಾಲ ಹಿಡಿದು ಘಟಪ್ರಭೆಗೆ ಕೆಂಪು ನೀರು ಬಂದರೆ ಸಾಕು, ಗೋಕಾಕ ಫಾಲ್ಸ್ ವಿಡಿಯೊಗಳು ಅರಭಾವಿ, ಮೂಡಲಗಿ, ಹುಕ್ಕೇರಿ ಕಡೆಯ ಗ್ರೂಪ್‌ಗಳಲ್ಲಿ ಓಡಾಡತೊಡಗುತ್ತವೆ. ಜೊತೆಗೆ ಸಾಮಾನ್ಯವಾಗಿ ಮೂರು ಮಾತು ಇರುತ್ತವೆ: ಇದು ಕರ್ನಾಟಕದ ನಯಾಗರ, 1887ರಲ್ಲಿ ಏಷ್ಯಾದಲ್ಲೇ ಮೊದಲು ಕರೆಂಟ್ ತಯಾರಾದದ್ದು ಇಲ್ಲಿ, ತಡಮಾಡದೆ ಈಗಲೇ ಹೊರಡಿ. ಮೊದಲನೆಯದು ಬರೀ ಹೋಲಿಕೆ, ಎರಡನೆಯದು ಇತಿಹಾಸ. ಮೂರನೆಯದರಲ್ಲಿ ಜೀವದ ಪ್ರಶ್ನೆ ಇದೆ.

ನಯಾಗರದ ಮಾತು ಬೇಗ ಮುಗಿಸೋಣ. ಗೋಕಾಕದಲ್ಲಿ ನೀರು ಸುಮಾರು 52 ಮೀಟರ್ ಧುಮುಕುತ್ತದೆ. ನಯಾಗರದ ಕುದುರೆ ಲಾಳದ ಆಕಾರದ ಜಲಪಾತದ ಎತ್ತರ ಸುಮಾರು 57 ಮೀಟರ್. ನಮ್ಮದೂ ಲಾಳದ ಆಕಾರದ್ದೇ. ಆದರೆ ತುಂಬು ಹೊಳೆಯಲ್ಲೂ ಇದರ ಅಗಲ 177 ಮೀಟರ್ ಆಸುಪಾಸು. ಅಲ್ಲಿನದು ಇದರ ಮೂರು ಪಟ್ಟಿಗಿಂತ ಹೆಚ್ಚು. ಎತ್ತರ, ಆಕಾರದ ಮಟ್ಟಿಗೆ ಹೋಲಿಕೆ ಒಪ್ಪಬಹುದು.

1887ರಲ್ಲಿ ಆದದ್ದೇನು?

ಗೋಕಾಕ ಫಾಲ್ಸ್ ಪಕ್ಕದಲ್ಲಿ ಹತ್ತಿ ಗಿರಣಿ ಶುರುವಾದದ್ದು 1880ರ ದಶಕದಲ್ಲಿ. ಆ ಕಂಪನಿಯ ಹಳೆಯ ಹೆಸರನ್ನು ಗಮನಿಸಿ: ‘ಗೋಕಾಕ್ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ’. ವಾಟರ್ ಪವರ್ ಎಂದರೆ ನೀರಿನ ಬಲ. ಅದು ಕರೆಂಟೇ ಆಗಬೇಕೆಂದಿಲ್ಲ.

ಆ ಕಾಲದ ಗಿರಣಿಗಳು ಹೆಚ್ಚಾಗಿ ಕಲ್ಲಿದ್ದಲು ಉರಿಸಿ ಹಬೆ ಎಂಜಿನ್‌ನಿಂದ ನಡೆಯುತ್ತಿದ್ದವು. ಕಲ್ಲಿದ್ದಲನ್ನು ದೂರದಿಂದ ತರಿಸುವುದು ದುಬಾರಿ. ಅದೇ ಮೇಲಿನಿಂದ ಬೀಳುವ ನೀರನ್ನು ಕೊಳವೆಯಲ್ಲಿ ಇಳಿಸಿ ಟರ್ಬೈನ್ ತಿರುಗಿಸಿದರೆ, ಆ ತಿರುಗುವ ಬಲವನ್ನೇ ಹಗ್ಗ, ಬೆಲ್ಟುಗಳ ಮೂಲಕ ನೂಲುವ ಯಂತ್ರಕ್ಕೆ ಮುಟ್ಟಿಸಬಹುದು. ಇಲ್ಲಿ ವಿದ್ಯುತ್ತಿನ ಮಾತೇ ಬರುವುದಿಲ್ಲ. ಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಡೀಸೆಲ್ ಎಂಜಿನ್ನು ಬೆಲ್ಟ್ ಹಾಕಿಕೊಂಡು ಕಲ್ಲು ತಿರುಗಿಸುತ್ತಿದ್ದುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಅದೇ ಟರ್ಬೈನ್‌ಗೆ ಜನರೇಟರ್ ಜೋಡಿಸಿದಾಗ ಮಾತ್ರ ಕರೆಂಟ್ ಹುಟ್ಟುತ್ತದೆ. ‘ನೀರಿನ ಬಲ’ ಎಂಬ ಮಾತು ಬಾಯಿಂದ ಬಾಯಿಗೆ ಹೋಗುತ್ತ ‘ವಿದ್ಯುತ್’ ಆಗಿಬಿಡುವುದು ಬಹಳ ಸುಲಭ.

ಇನ್ನು ‘ಮೊದಲು’ ಎಂಬ ಪದ. ಕೋಲ್ಕತ್ತದಲ್ಲಿ 1879ರಲ್ಲೇ ವಿದ್ಯುತ್ ದೀಪದ ಪ್ರದರ್ಶನ ನಡೆದಿತ್ತು. ಹಾಗಾಗಿ 1887ರದ್ದು ದೇಶದ ಮೊದಲ ಕರೆಂಟ್ ಅಲ್ಲವೇ ಅಲ್ಲ, ಏಷ್ಯಾದ್ದಂತೂ ದೂರದ ಮಾತು. ನೀರಿನಿಂದ ತಯಾರಾದ ಕರೆಂಟ್ ಎಂದರೆ, ಭಾರತದ ಮೊದಲ ಜಲವಿದ್ಯುತ್ ಕೇಂದ್ರವೆಂದು ಸಾಮಾನ್ಯವಾಗಿ ಗುರುತಿಸುವುದು ಡಾರ್ಜಿಲಿಂಗ್ ಬಳಿಯ ಸಿದ್ರಪೋಂಗ್ ಅನ್ನು, ಅದು 1897ರದ್ದು. ನಮ್ಮ ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ.

ಇದರಿಂದ ಗೋಕಾಕದ ಹೆಮ್ಮೆಗೆ ಕುಂದೇನೂ ಇಲ್ಲ. ಹೊಳೆಯ ಬಲದಿಂದ ದೊಡ್ಡ ಹತ್ತಿ ಗಿರಣಿ ನಡೆಸಿದ ಊರು ಅದು. ಜಲಪಾತದ ತಳದಲ್ಲಿ ವಿದ್ಯುದಾಗಾರವೂ ಇದೆ. ನಿಜವೇ ಇಷ್ಟು ಸ್ವಾರಸ್ಯವಾಗಿರುವಾಗ ‘ಏಷ್ಯಾ’ ಯಾಕೆ ಬೇಕೋ ತಿಳಿಯದು.

ಅಂದಹಾಗೆ, ‘ಗೋಕಾಕ್ ಚಳವಳಿ’ ಈ ಊರಲ್ಲಿ ನಡೆದದ್ದೆಂದು ಬರೆದುಕೊಂಡವರೂ ಇದ್ದಾರೆ. ಅದು ಸಾಹಿತಿ ವಿ.ಕೃ. ಗೋಕಾಕರ ಸಮಿತಿಯ ವರದಿ ಜಾರಿಯಾಗಲೆಂದು 1980ರ ದಶಕದ ಆರಂಭದಲ್ಲಿ ನಾಡಿನಾದ್ಯಂತ ನಡೆದ ಕನ್ನಡ ಹೋರಾಟ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ.

‘ಈಗಲೇ ಹೊರಡಿ’ ಎಂದರೆ ಯಾವಾಗ?

ನಯಾಗರಕ್ಕೂ ಗೋಕಾಕಕ್ಕೂ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ನಯಾಗರದ ಹಿಂದೆ ಸಮುದ್ರದಂಥ ಸರೋವರಗಳಿವೆ, ಹಾಗಾಗಿ ವರ್ಷವಿಡೀ ನೀರು. ಘಟಪ್ರಭೆ ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಮಳೆಯನ್ನೇ ನಂಬಿದ ಹೊಳೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟು ಅದನ್ನು ತಡೆದು ಹಿಡಿಯುತ್ತದೆ. ಅಲ್ಲಿಂದ ಬಿಟ್ಟ ನೀರನ್ನು ಧೂಪದಾಳದ ಒಡ್ಡು ಕಾಲುವೆಗೆ ತಿರುಗಿಸುತ್ತದೆ. ಬೇಸಿಗೆಯಲ್ಲಿ ಹೋದವರಿಗೆ ಬರೀ ಬಂಡೆ ಕಾಣುವುದು ಇದಕ್ಕೇ. ನೀರು ಹೊಲಗಳ ಪಾಲಾಗಿರುತ್ತದೆ. ಮಳೆಗಾಲದ ಕಂದು ಬಣ್ಣ ಕೊಳಕಲ್ಲ, ಹೊಳೆ ಕೊಚ್ಚಿ ತರುವ ಹೊಲದ ಮಣ್ಣು.

ಅಪಾಯ ಇರುವುದೂ ಇಲ್ಲೇ. ಗೋಕಾಕದಲ್ಲಿ ಬಿಸಿಲಿರಬಹುದು, ಆದರೆ ಘಟ್ಟದಲ್ಲಿ ಮಳೆ ಜೋರಾಗಿ ಹಿಡಕಲ್ ಗೇಟು ತೆರೆದರೆ ಇಲ್ಲಿ ಹೊಳೆ ಏರುತ್ತದೆ. ಹಿರಣ್ಯಕೇಶಿ ಬಂದು ಸೇರುವುದು ಹಿಡಕಲ್‌ನ ಕೆಳಗೆ. ಅಂದರೆ ಗೇಟು ಮುಚ್ಚಿದ್ದರೂ ನೀರು ಹೆಚ್ಚಬಹುದು. ಮೇಲಿನ ಬಂಡೆಯ ಮೇಲೆ ಪಾದ ಮುಳುಗುವಷ್ಟು ನೀರಿದೆ ಎಂದು ಸೆಲ್ಫಿಗೆ ಅಂಚಿನತ್ತ ನಡೆಯುವವರು ಈ ಲೆಕ್ಕ ಹಾಕಿರುವುದಿಲ್ಲ. ಪಾಚಿ ಕಟ್ಟಿದ ಬಂಡೆ ಜಾರುತ್ತದೆ, ಮುಂದೆ 52 ಮೀಟರ್ ಆಳ.

2019ರ ಆಗಸ್ಟ್‌ನಲ್ಲಿ ಇದೇ ಹೊಳೆ ಗೋಕಾಕ ಪಟ್ಟಣದೊಳಗೆ ನುಗ್ಗಿತ್ತು, ಲೋಳಸೂರು ಸೇತುವೆ ಮುಳುಗಿತ್ತು. ಅಂಥ ದಿನಗಳಲ್ಲಿ ಹಳೆಯ ವಿಡಿಯೊವನ್ನು ‘ಇಂದಿನದು’ ಎಂದು ಕಳಿಸಿದರೆ ಯಾರೋ ಅದನ್ನು ನಂಬಿ ದಾರಿ ಹಿಡಿಯುತ್ತಾರೆ, ಇಲ್ಲವೇ ಹೆದರಿ ಮನೆ ಬಿಡುತ್ತಾರೆ.

ಹೊರಡುವ ಮುನ್ನ ವಿಡಿಯೊ ಬದಲು ಹಿಡಕಲ್‌ನ ‘ಹೊರಹರಿವು’ ನೋಡಿ. ಮಳೆಗಾಲದಲ್ಲಿ ಪತ್ರಿಕೆಗಳು ಜಲಾಶಯಗಳ ಮಟ್ಟದ ಜೊತೆ ಇದನ್ನು ಕ್ಯೂಸೆಕ್‌ನಲ್ಲಿ ಕೊಡುತ್ತವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ಹೆಚ್ಚುಕಡಿಮೆ ಎರಡು ಕೊಡ. ಹತ್ತು ಸಾವಿರ ಕ್ಯೂಸೆಕ್ ಎಂದು ಬರೆದಿದ್ದರೆ, ಸೆಕೆಂಡಿಗೆ ಇಪ್ಪತ್ತು ಸಾವಿರ ಕೊಡ ಬಂಡೆಯತ್ತ ಹೊರಟಿದೆ ಎಂದರ್ಥ. ಅಂಥ ದಿನ ಜಲಪಾತವನ್ನು ದೂರದಿಂದ, ಗಟ್ಟಿ ನೆಲದ ಮೇಲೆ ನಿಂತು ನೋಡಿ.