ಶಾರ್ಕಿನ ಮೈಗೇಕೆ ಪಾಚಿ ಹತ್ತದು?

ಕಳೆದ ಜೂನ್‌ನಲ್ಲಿ ಮೊಮ್ಮಗಳನ್ನು ಕರೆದುಕೊಂಡು ಮಲ್ಪೆ ಬಂದರಿಗೆ ಹೋಗಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ. ಕೆಲವು ದೋಣಿಗಳು ದಡ ಹತ್ತಿ ಕುಳಿತಿದ್ದವು. ಒಂದರ ಅಡಿಭಾಗವನ್ನು ಇಬ್ಬರು ಕೆರೆಯುತ್ತಿದ್ದರು. ಸುಣ್ಣದಂಥ ಬಿಳಿ ಗುಬುಟುಗಳು ಟಕಟಕನೆ ಉದುರುತ್ತಿದ್ದವು.

“ಅಜ್ಜ, ದೋಣಿಗೆ ಕಜ್ಜಿಯಾಗಿದೆಯಾ?” ಎಂದಳು ಮೊಮ್ಮಗಳು.

ಕೆರೆಯುತ್ತಿದ್ದವರು ನಕ್ಕುಬಿಟ್ಟರು. “ಕಜ್ಜಿಯೇ ಮಗಾ! ಇದು ಹಿಡಿದರೆ ದೋಣಿ ಓಡುವುದಿಲ್ಲ, ಡೀಸೆಲ್ ಮಾತ್ರ ಓಡುತ್ತದೆ.”

ಮಕ್ಕಳೇ, ಆ ಗುಬುಟುಗಳ ಹೆಸರು ಬಾರ್ನಕಲ್. ನೋಡಲು ಕಲ್ಲಿನಂತಿದ್ದರೂ ಅವು ಸಿಗಡಿ, ಏಡಿಗಳ ಬಳಗದ ಜೀವಿಗಳು. ಮರಿಯಾಗಿದ್ದಾಗ ನೀರಿನಲ್ಲಿ ಈಜುತ್ತಾ ಜಾಗ ಹುಡುಕುತ್ತವೆ. ಹಿಡಿಸಿದ ಕಡೆ ತಲೆಯೂರಿ ಅಂಟಿಕೊಂಡು, ಸುತ್ತ ಚಿಪ್ಪಿನ ಮನೆ ಕಟ್ಟಿಕೊಳ್ಳುತ್ತವೆ. ಆಮೇಲೆ ಅಲ್ಲಿಂದ ಕದಲುವುದಿಲ್ಲ. ಪಾಚಿಯೂ ಹೀಗೆಯೇ ಅಂಟುತ್ತದೆ. ದೋಣಿಯ ಮೈ ಒರಟಾದಷ್ಟೂ ನೀರನ್ನು ಸೀಳಿ ಸಾಗುವುದು ಕಷ್ಟ.

ಇವನ್ನು ದೂರವಿಡಲು ಮನುಷ್ಯ ಹಿಡಿದ ದಾರಿ ವಿಷದ್ದು. 1960ರ ದಶಕದಿಂದ ಹಡಗುಗಳಿಗೆ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತ ಬೆರೆಸಿದ ಬಣ್ಣ ಬಳಿಯತೊಡಗಿದರು. ಹಡಗಿನ ತಳ ಸ್ವಚ್ಛವಾಯಿತು, ಆದರೆ ವಿಷ ನೀರಿಗೆ ಇಳಿಯಿತು. ಫ್ರಾನ್ಸಿನ ಅರ್ಕಶಾನ್ ಕೊಲ್ಲಿಯಲ್ಲಿ ಸಾಕುತ್ತಿದ್ದ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪವಾಯಿತು, ಮರಿಗಳು ಉಳಿಯಲಿಲ್ಲ. ಸಿಂಪಿ ಸಾಕುವವರು ಕಂಗಾಲಾದರು. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಆ ಬಣ್ಣ ಬಳಿಯುವುದನ್ನು ನಿಷೇಧಿಸಿತು. ಹಡಗುಗಳಿಗೂ ಅದು ಬೇಡವೆನ್ನುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಗಿ, 2008ರಲ್ಲಿ ಜಾರಿಗೆ ಬಂತು. ಈಗಿನ ಬಣ್ಣಗಳಲ್ಲಿ ಹೆಚ್ಚಾಗಿ ತಾಮ್ರವಿರುತ್ತದೆ. ಅದೂ ಸ್ವಲ್ಪ ಸ್ವಲ್ಪವಾಗಿ ನೀರಿಗೇ ಸೇರುತ್ತದೆ.

“ಹಾಗಾದರೆ ನಮ್ಮ ಮರುವಾಯಿ ಇರುವ ನೀರಿಗೂ ಬರುತ್ತದಲ್ಲ?” ಎಂದಳು ಮೊಮ್ಮಗಳು. ಮರುವಾಯಿ ಪಲ್ಯವೆಂದರೆ ಅವಳಿಗೆ ಪ್ರಾಣ.

ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಆಂಥೊನಿ ಬ್ರೆನನ್ ಅವರೂ ವಿಷವಿಲ್ಲದ ದಾರಿಯನ್ನೇ ಹುಡುಕುತ್ತಿದ್ದರು. 2002ರಲ್ಲಿ ಹವಾಯಿಯ ಪರ್ಲ್ ಹಾರ್ಬರಿನಲ್ಲಿ ಮೈತುಂಬ ಪಾಚಿ ಹೊತ್ತು ಬಂದ ಜಲಾಂತರ್ಗಾಮಿಯೊಂದನ್ನು ಕಂಡರು. ತಿಮಿಂಗಿಲಗಳ ಮೈಗೂ ಬಾರ್ನಕಲ್ ಹತ್ತುತ್ತದೆ. ಹಾಗಾದರೆ ಮೈ ಚೊಕ್ಕಟವಾಗಿರುವ ದೊಡ್ಡ ಪ್ರಾಣಿ ಯಾವುದು? ಶಾರ್ಕ್! ಅದರ ಚರ್ಮದ ಅಚ್ಚು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ವಜ್ರಾಕಾರದ ಪುಟ್ಟ ಪುಟ್ಟ ಹಲ್ಲುಗಳು, ಅವುಗಳ ಮೇಲೆ ಸಾಲು ಸಾಲು ಏಣುಗಳು.

ಅದನ್ನೇ ಅನುಕರಿಸಿ ಅವರು ಒಂದು ಹಾಳೆ ಮಾಡಿಸಿದರು. ಒಂದು ಮಿಲಿಮೀಟರನ್ನು 500 ಭಾಗ ಮಾಡಿದರೆ ಒಂದು ಭಾಗ ಎಷ್ಟೋ, ಏಣಿನ ಅಗಲ ಅಷ್ಟೇ! ಪ್ರಯೋಗಾಲಯದಲ್ಲಿ ನಯವಾದ ಹಾಳೆಗಿಂತ ಇದರ ಮೇಲೆ ಕೂತ ಹಸಿರು ಪಾಚಿಯ ಬೀಜಕಣಗಳು ಸುಮಾರು 85 ಶೇಕಡಾ ಕಡಿಮೆ. ವಿಷ ಒಂದು ಹನಿಯೂ ಇಲ್ಲ. ಹಲಸಿನಹಣ್ಣಿನ ಮೇಲೆ ಯಾರಾದರೂ ಚಾಪೆ ಹಾಸಿ ಮಲಗುತ್ತಾರೆಯೇ? ಬೀಜಕಣದ ಪಾಡೂ ಅದೇ.

ತೊಡಕೂ ಇದೆ. ಬಾರ್ನಕಲ್ ಮರಿ ಬೀಜಕಣಕ್ಕಿಂತ ಬಹಳ ದೊಡ್ಡದು. ಅದನ್ನು ತಡೆಯಲು ಏಣುಗಳೂ ದೊಡ್ಡವಾಗಿರಬೇಕು. ಒಂದೇ ಅಳತೆ ಎಲ್ಲರಿಗೂ ಒಗ್ಗದು. ಇಷ್ಟು ಸೂಕ್ಷ್ಮ ಕುಸುರಿಯನ್ನು ಇಡೀ ಹಡಗಿಗೆ ಮಾಡುವುದೂ ಸುಲಭವಲ್ಲ. ಅದಕ್ಕೇ ಮಲ್ಪೆಯಲ್ಲಿ ಇನ್ನೂ ಕೈಯಲ್ಲೇ ಕೆರೆಯುತ್ತಿದ್ದಾರೆ.

ಹಿಂದಿರುಗುವಾಗ ಮೊಮ್ಮಗಳು ಹೇಳಿದಳು: “ಅಜ್ಜ, ಶಾರ್ಕ್ ಯಾರನ್ನೂ ಕೊಲ್ಲದೆ ಮೈ ಚೊಕ್ಕಟ ಇಟ್ಟುಕೊಳ್ಳುತ್ತದೆ. ಕೂರಲು ಜಾಗ ಕೊಡುವುದಿಲ್ಲ, ಅಷ್ಟೇ.”

ಕೊಲ್ಲುವುದಕ್ಕೂ ಜಾಗ ಕೊಡದಿರುವುದಕ್ಕೂ ಇರುವ ವ್ಯತ್ಯಾಸ ನನ್ನ ತಲೆಮಾರಿಗೆ ತಡವಾಗಿ ಹೊಳೆಯಿತು. ಅವಳಿಗೆ ಒಂದೇ ಮಧ್ಯಾಹ್ನ ಸಾಕಾಯಿತು.