ಮೂಳೆ ಬಲಿಯಲಿ, ಆಮೇಲೆ ಕತ್ತರಿ

ನಾಡಿನ ಎಲ್ಲೆಡೆ ಚೌತಿಯ ದಿನ ಗಣಪತಿಯನ್ನು ತಂದು ಕೂರಿಸಿ ಪೂಜೆ ಮಾಡುತ್ತಾರೆ. ಆದರೆ ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಸಿಗುವ ಗೂಳೂರಿನಲ್ಲಿ ಅಂದು ಗಣಪತಿಯನ್ನು ಮಾಡುವ ಕೆಲಸ ಶುರುವಾಗುತ್ತದೆ. ಕೆರೆಯ ಮಣ್ಣು ತಂದು, ಹದ ಮಾಡಿ, ಸ್ವಲ್ಪ ಸ್ವಲ್ಪವಾಗಿ ಮೆತ್ತುತ್ತಾ ಹೋಗುತ್ತಾರೆ. ಆಳೆತ್ತರವನ್ನು ಮೀರಿದ ಆ ಮೂರ್ತಿಗೆ ಪೂಜೆ ಆರಂಭವಾಗುವುದು ದೀಪಾವಳಿಯ ಬಲಿಪಾಡ್ಯಮಿಯಂದು. ಅಲ್ಲಿಯವರೆಗೆ ಊರಿಗೆ ಊರೇ ಕಾಯುತ್ತದೆ. ಮಣ್ಣಿನ ಕೆಲಸ ಬಲ್ಲವರಿಗೆ ಇದರ ಗುಟ್ಟು ಗೊತ್ತು. ಕೆಳಗಿನ ಮಣ್ಣು ಆರಿ ಗಟ್ಟಿಯಾಗುವ ಮೊದಲೇ ಮೇಲೆ ಭಾರ ಹೇರಿದರೆ ಮೂರ್ತಿ ನಿಲ್ಲುವುದಿಲ್ಲ. ಮೂರ್ತಿ ದೊಡ್ಡದಾದಷ್ಟೂ ಕಾಯುವ ಕಾಲವೂ ಹೆಚ್ಚು.

ಪ್ರಾಣಿಗಳ ಮೈಕಟ್ಟಿನ ವಿಷಯದಲ್ಲೂ ಇದೇ ಲೆಕ್ಕ. ಈ ಮಾತು ಈಗೇಕೆ ಎನ್ನುವಿರಾ? ಗೂಳೂರಿನಂಥ ಊರುಗಳ ಸುತ್ತಿನ ತೆಂಗು, ಅಡಿಕೆ ತೋಟದ ಮನೆಗಳನ್ನು ಹಿಂದೆಲ್ಲ ಊರ ನಾಯಿಗಳೇ ಕಾಯುತ್ತಿದ್ದವು. ಈಗ ಅಂಥ ಮನೆಗಳಿಗೂ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್ ಮರಿಗಳು ಬರುತ್ತಿವೆ. ಮಕ್ಕಳ ಹಟಕ್ಕೆ ಮಣಿದು ಬುಟ್ಟಿಯಲ್ಲಿ ತಂದ ಮರಿ ಆರು ತಿಂಗಳಿಗೆಲ್ಲ ಬುಟ್ಟಿಯನ್ನೇ ಹೊತ್ತೊಯ್ಯುವಷ್ಟು ಬೆಳೆಯುತ್ತದೆ. ಮನೆಯಲ್ಲಿ ಪ್ರಶ್ನೆ ಏಳುವುದು ಆಗಲೇ. ಆಪರೇಷನ್ ಮಾಡಿಸಬೇಕೆ? ಮಾಡಿಸುವುದಾದರೆ ಯಾವಾಗ?

'ಆರು ತಿಂಗಳಾಯಿತಲ್ಲ, ಮುಗಿಸಿಬಿಡಿ' ಎನ್ನುವವರು ಒಬ್ಬರು. 'ಪಾಪ, ಮಾಡಿಸಲೇಬೇಡಿ' ಎನ್ನುವವರು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಒಳ್ಳೆಯದೇ. ಆದರೆ ದೊಡ್ಡ ಜಾತಿಯ ಮರಿಗೆ ಅದನ್ನು ಯಾವ ವಯಸ್ಸಿನಲ್ಲಿ ಮಾಡಿಸಬೇಕು ಎಂಬುದು ಅದು ಮುಂದೆ ಹತ್ತು ವರ್ಷ ನೆಟ್ಟಗೆ ನಡೆಯುವುದೋ ಕುಂಟುವುದೋ ಎಂಬುದರ ಮೇಲೆ ಪ್ರಭಾವ ಬೀರಬಲ್ಲದು.

ರೈತನಿಗೆ ಗೊತ್ತಿದ್ದ ಪಾಠ

ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗಿ ಹಳ್ಳಿಕಾರ್ ತಳಿಯ ಎತ್ತುಗಳ ಜೋಡಿಯನ್ನೂ ಬೀಜದ ಹೋರಿಯನ್ನೂ ಅಕ್ಕಪಕ್ಕ ನೋಡಿ. ಹೋರಿಯ ಕತ್ತು ದಪ್ಪ, ಹಿಣಿಲು ದೊಡ್ಡದು, ಎದೆ ಅಗಲ. ಎತ್ತಿನದು ನೀಳವಾದ ಕಾಲು, ತೆಳ್ಳನೆಯ ಕತ್ತು. ಎರಡೂ ಒಂದೇ ತಳಿಯವೇ. ವ್ಯತ್ಯಾಸ ತಂದದ್ದು ಬೀಜ ಒಡೆಸಿದ ಕ್ರಿಯೆ.

ಹಾಲುಹಲ್ಲಿನ ಎಳೆಗರುವಿಗೆ ಬೀಜ ಒಡೆಸಬಾರದು, ನೊಗಕ್ಕೆ ಕತ್ತು ನಿಲ್ಲುವುದಿಲ್ಲ ಎಂದು ಹಿರಿಯ ರೈತರು ಹೇಳುತ್ತಾರೆ. ಹೋರಿ ಹಲ್ಲು ಹಾಕಿ, ಕತ್ತು ಹಿಣಿಲು ಕೂಡಿಕೊಂಡ ಮೇಲೆ ಇಕ್ಕಳ ಹಾಕಿಸುವುದು ಉಳುವ ಎತ್ತುಗಳ ವಿಷಯದಲ್ಲಿ ಬೆಳೆದುಬಂದ ಪದ್ಧತಿ. ಹಳೆಯ ನೆಲೆಗಳನ್ನು ಅಗೆಯುವ ಪುರಾತತ್ವಜ್ಞರಿಗೂ ಈ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ. ಸಿಕ್ಕಿದ ಕಾಲಿನ ಮೂಳೆ ಹೋರಿಯದೋ ಎತ್ತಿನದೋ ಎಂದು ಗುರುತಿಸಲು ಅದರ ಉದ್ದ ಮತ್ತು ದಪ್ಪದ ಪ್ರಮಾಣವನ್ನು ಅವರು ಅಳೆಯುತ್ತಾರೆ. ಎತ್ತಿನ ಮೂಳೆ ಉದ್ದವಾಗಿ, ಸಣ್ಣಗೆ ಇರುತ್ತದೆ.

ಬೀಜ ಒಡೆಸಿದರೆ ಬೆಳವಣಿಗೆ ಕುಗ್ಗಬೇಕಲ್ಲವೆ? ಕಾಲು ಉದ್ದವಾಗುವುದು ಹೇಗೆ? ಒಳ್ಳೆಯ ಪ್ರಶ್ನೆ. ಉತ್ತರ ಮೂಳೆಯ ತುದಿಯಲ್ಲಿದೆ.

ಮೂಳೆ ಬೆಳೆಯುವ ಬಗೆ

ಎಳೆಯ ಪ್ರಾಣಿಯ ಕಾಲಿನ ಉದ್ದನೆಯ ಮೂಳೆಗಳ ತುದಿಯ ಹತ್ತಿರ ಮೆತ್ತನೆಯ ಮೃದ್ವಸ್ಥಿಯ ಪಟ್ಟಿಯೊಂದು ಇರುತ್ತದೆ. ಇದೇ ಬೆಳವಣಿಗೆಯ ಪಟ್ಟಿ. ಇಲ್ಲಿನ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಸಾಲುಗಟ್ಟುತ್ತವೆ. ಹಳೆಯ ಸಾಲುಗಳಿಗೆ ಸುಣ್ಣದ ಅಂಶ ತುಂಬಿ ಗಟ್ಟಿ ಮೂಳೆಯಾಗುತ್ತದೆ. ಹೀಗೆ ಮೂಳೆ ದಿನದಿನಕ್ಕೂ ಉದ್ದವಾಗುತ್ತದೆ.

ಪ್ರಾಯ ಬಂದಾಗ ವೃಷಣ ಅಥವಾ ಅಂಡಾಶಯಗಳಿಂದ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಅವುಗಳಲ್ಲಿ ಈಸ್ಟ್ರೋಜನ್ ಮುಖ್ಯವಾದುದು. ಗಂಡಿನ ದೇಹದಲ್ಲೂ ಟೆಸ್ಟೊಸ್ಟೆರಾನಿನ ಸ್ವಲ್ಪ ಭಾಗ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಇದು ಬೆಳವಣಿಗೆಯ ಪಟ್ಟಿಗೆ 'ಇನ್ನು ಸಾಕು' ಎಂದು ಹೇಳುವ ಸಂದೇಶ. ಪಟ್ಟಿ ಪೂರ್ತಿ ಮೂಳೆಯಾಗಿ ಮುಚ್ಚಿಹೋಗುತ್ತದೆ. ಹೈಸ್ಕೂಲಿನಲ್ಲಿ ಹುಡುಗಿಯರು ಮೊದಲು ಎತ್ತರವಾಗಿ ಬೇಗ ನಿಲ್ಲುವುದು, ಹುಡುಗರು ತಡವಾಗಿ ಬೆಳೆದು ಅವರನ್ನು ಮೀರುವುದು ಕೂಡ ಇದೇ ಕಾರಣದಿಂದ.

ಈ ಸಂದೇಶ ಬರುವ ಮೊದಲೇ ವೃಷಣ ಅಥವಾ ಅಂಡಾಶಯವನ್ನು ತೆಗೆದರೆ ಪಟ್ಟಿಗಳು ತಡವಾಗಿ ಮುಚ್ಚುತ್ತವೆ, ಮೂಳೆ ಇನ್ನಷ್ಟು ಉದ್ದವಾಗುತ್ತದೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದವರು 7 ವಾರದ ಮತ್ತು 7 ತಿಂಗಳ ಮರಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು.

ಉದ್ದವಾದರೆ ನಷ್ಟವೇನು? ಎಲ್ಲ ಮೂಳೆಗಳ ಪಟ್ಟಿಗಳೂ ಒಂದೇ ದಿನ ಮುಚ್ಚುವುದಿಲ್ಲ. ಮುಚ್ಚಿದವು ಅಲ್ಲಿಗೇ ನಿಲ್ಲುತ್ತವೆ, ಮುಚ್ಚದವು ಬೆಳೆಯುತ್ತಲೇ ಹೋಗುತ್ತವೆ. ಬಾಗಿಲಿನ ಒಂದು ರೆಕ್ಕೆ ಅರ್ಧ ಅಂಗುಲ ಹೆಚ್ಚಾದರೆ ಕೀಲು ಕಿರುಗುಟ್ಟುವುದಿಲ್ಲವೆ? ಹಾಗೆಯೇ ಮೂಳೆಗಳ ಹೊಂದಾಣಿಕೆ ತಪ್ಪಿದಾಗ ಸೊಂಟದ ಕೀಲಿನ ಮೇಲೆ, ಮೊಣಕಾಲಿನ ಒಳಗಿನ ಬಿಗಿಪಟ್ಟಿಯ ಮೇಲೆ ಒತ್ತಡ ಹೆಚ್ಚುತ್ತದೆ ಎಂಬುದು ತಜ್ಞರ ವಿವರಣೆ. ಸಣ್ಣ ಜಾತಿಯ ನಾಯಿಗಳ ಮೈ ಹಗುರ, ಬೆಳವಣಿಗೆಯೂ ಬೇಗ ಮುಗಿಯುತ್ತದೆ. ದೊಡ್ಡ ಜಾತಿಯ ನಾಯಿಯ ಮೂಳೆ ಬಲಿಯಲು ಒಂದು ವರ್ಷದಿಂದ ಒಂದೂವರೆ ವರ್ಷ ಬೇಕು. ಆರನೆಯ ತಿಂಗಳಲ್ಲಿ ಅದು ನೋಡಲು ನಾಯಿ, ಒಳಗೆ ಇನ್ನೂ ಮರಿ.

ದಾಖಲೆಗಳು ಹೇಳುವುದೇನು?

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಬೆಂಜಮಿನ್ ಹಾರ್ಟ್, ಲಿನೆಟ್ ಹಾರ್ಟ್ ದಂಪತಿ ಮತ್ತು ಸಂಗಡಿಗರು ತಮ್ಮ ಪಶು ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಕೆದಕಿದರು. 2013ರಲ್ಲಿ 759 ಗೋಲ್ಡನ್ ರಿಟ್ರೀವರ್ ನಾಯಿಗಳ ಲೆಕ್ಕ ಹೊರಬಂತು. ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಾದ ಗಂಡುಗಳಲ್ಲಿ ಶೇ 10ರಷ್ಟಕ್ಕೆ ಸೊಂಟದ ಕೀಲಿನ ದೋಷ ಕಂಡುಬಂದಿತ್ತು. ಶಸ್ತ್ರಚಿಕಿತ್ಸೆಯಾಗದ ಗಂಡುಗಳಿಗೆ ಹೋಲಿಸಿದರೆ ಇದು ಎರಡರಷ್ಟು. ಮೊಣಕಾಲಿನ ಬಿಗಿಪಟ್ಟಿ ಹರಿದ ಪ್ರಕರಣ ಶಸ್ತ್ರಚಿಕಿತ್ಸೆಯಾಗದ ನಾಯಿಗಳಲ್ಲಿ ಒಂದೂ ಇರಲಿಲ್ಲ. ಬೇಗ ಶಸ್ತ್ರಚಿಕಿತ್ಸೆಯಾದ ಗಂಡುಗಳಲ್ಲಿ ಶೇ 5, ಹೆಣ್ಣುಗಳಲ್ಲಿ ಶೇ 8 ಇತ್ತು.

2016ರಲ್ಲಿ ಜರ್ಮನ್ ಶೆಫರ್ಡ್ ಸರದಿ. ಶಸ್ತ್ರಚಿಕಿತ್ಸೆಯಾಗದ ಗಂಡುಗಳಲ್ಲಿ ಶೇ 7ರಷ್ಟಕ್ಕೆ ಕೀಲಿನ ತೊಂದರೆ ಇದ್ದರೆ, ವರ್ಷದೊಳಗೆ ಶಸ್ತ್ರಚಿಕಿತ್ಸೆಯಾದವುಗಳಲ್ಲಿ ಅದು ಶೇ 21. ಹೆಣ್ಣುಗಳಲ್ಲಿ ಶೇ 5 ಇದ್ದದ್ದು ಶೇ 16ಕ್ಕೆ ಏರಿತ್ತು. ಬೇಗ ಶಸ್ತ್ರಚಿಕಿತ್ಸೆಯಾದ ಕೆಲವು ಹೆಣ್ಣು ನಾಯಿಗಳಿಗೆ ಮೂತ್ರದ ಹಿಡಿತವೂ ತಪ್ಪಿತ್ತು. ರಾಟ್‌ವೀಲರ್ ಜಾತಿಯ ಕುರಿತು 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ವರ್ಷದೊಳಗೆ ಶಸ್ತ್ರಚಿಕಿತ್ಸೆಯಾದ ನಾಯಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಮೂಳೆಯ ಕ್ಯಾನ್ಸರಿನ ಅಪಾಯ ಇದೆ ಎಂದಿತು.

ಹಾರ್ಟ್ ತಂಡ 2020ರಲ್ಲಿ 35 ತಳಿಗಳನ್ನು ಒಟ್ಟಿಗೆ ಪರಿಶೀಲಿಸಿತು. ಸಣ್ಣ ಜಾತಿಗಳಲ್ಲಿ ಬೇಗನೆ ಮಾಡಿಸಿದರೂ ಕೀಲಿನ ತೊಂದರೆ ಹೆಚ್ಚಿರಲಿಲ್ಲ. ದೊಡ್ಡ ಜಾತಿಗಳಲ್ಲೂ ಒಂದು ಸೋಜಿಗ ಕಾದಿತ್ತು. ಎಲ್ಲಕ್ಕಿಂತ ಎತ್ತರದ ಗ್ರೇಟ್ ಡೇನ್ ಮತ್ತು ಐರಿಷ್ ವುಲ್ಫ್‌ಹೌಂಡ್ ನಾಯಿಗಳಲ್ಲಿ ಹೆಚ್ಚಳ ಕಾಣಲಿಲ್ಲ. ಬೆರಕೆ ನಾಯಿಗಳ ವಿಷಯದಲ್ಲಿ, ಬೆಳೆದ ಮೇಲೆ 20 ಕಿಲೋ ಮೀರುವಂಥವುಗಳಿಗೆ ಬೇಗನೆ ಮಾಡಿಸುವುದು ಅಪಾಯ ತರಬಹುದು ಎಂದು ಅದೇ ತಂಡ ಅದೇ ವರ್ಷ ತಿಳಿಸಿತು.

ಮುಧೋಳ ನಾಯಿ ಈ 35ರ ಪಟ್ಟಿಯಲ್ಲಿಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಮುಧೋಳದ ಬಳಿಯ ತಿಮ್ಮಾಪುರದಲ್ಲಿ ತನಗಾಗಿಯೇ ಸಂಶೋಧನಾ ಕೇಂದ್ರ ಇರುವ ಈ ತಳಿ ಓಟಕ್ಕೆ ಹೆಸರಾದದ್ದು. ಓಟದ ನಾಯಿಗೆ ಕಾಲೇ ಬಂಡವಾಳ. ಇದೂ ಸಾಮಾನ್ಯವಾಗಿ 20 ಕಿಲೋ ದಾಟುವುದರಿಂದ ಸಾಕುವವರು ಅವಸರ ಮಾಡದಿರುವುದೇ ಜಾಣತನ.

ಈ ಅಂಕಿಗಳನ್ನು ಓದುವಾಗ ಎಚ್ಚರವೂ ಬೇಕು. ಇವು ಆಸ್ಪತ್ರೆಗೆ ಬಂದ ನಾಯಿಗಳ ದಾಖಲೆಗಳು, ಊರಿನ ಎಲ್ಲ ನಾಯಿಗಳ ಗಣತಿಯಲ್ಲ. ಶೇ 21ಕ್ಕೆ ತೊಂದರೆ ಎಂದರೆ ಶೇ 79 ಚೆನ್ನಾಗಿಯೇ ಇದ್ದವು ಎಂದೂ ಅರ್ಥ. ತಳಿಯ ವಂಶಗುಣ, ಅತಿಯಾದ ಆಹಾರ, ಬೊಜ್ಜು ಕೂಡ ಕೀಲು ಕೆಡಿಸುತ್ತವೆ.

ತಕ್ಕಡಿಯ ಇನ್ನೊಂದು ತಟ್ಟೆ

ಹಾಗಾದರೆ ಶಸ್ತ್ರಚಿಕಿತ್ಸೆಯೇ ಬೇಡವೆ? ಹಾಗೆ ತೀರ್ಮಾನಿಸಿದರೆ ಇನ್ನೊಂದು ತಪ್ಪಾಗುತ್ತದೆ.

ಹೆಣ್ಣು ನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬರಬಹುದು. ತಕ್ಷಣ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗುತ್ತದೆ. ಗರ್ಭಕೋಶ ತೆಗೆಸದ ನಾಯಿಗಳಲ್ಲಿ ಹತ್ತು ವರ್ಷ ತುಂಬುವುದರೊಳಗೆ ಸುಮಾರು ಕಾಲು ಭಾಗಕ್ಕೆ ಇದು ತಗಲುತ್ತದೆ ಎಂದು ಸ್ವೀಡನ್ನಿನ ಅಧ್ಯಯನಗಳು ತೋರಿಸಿವೆ. ಮೊದಲ ಬೆದೆಗೆ ಮುನ್ನ ಶಸ್ತ್ರಚಿಕಿತ್ಸೆ ಮಾಡಿಸಿದರೆ ಸ್ತನದ ಗಂತಿಯ ಅಪಾಯ ಬಹಳ ತಗ್ಗುತ್ತದೆ, ಬೆದೆ ಕಳೆದಂತೆಲ್ಲ ಈ ಲಾಭ ಕರಗುತ್ತದೆ ಎಂದು 1969ರಷ್ಟು ಹಿಂದೆಯೇ ವರದಿಯಾಗಿದೆ. ಗಂಡಿಗೆ ವೃಷಣದ ಗಂತಿ ಬರುವ ಮಾತೇ ಉಳಿಯುವುದಿಲ್ಲ. ಕೂಡುವಿಕೆಯಿಂದ ಒಂದರಿಂದ ಇನ್ನೊಂದಕ್ಕೆ ಅಂಟುವ ಗಂತಿ ನಮ್ಮ ಬೀದಿ ನಾಯಿಗಳಲ್ಲಿ ಸಾಮಾನ್ಯ, ಅದರಿಂದಲೂ ರಕ್ಷಣೆ ಸಿಗುತ್ತದೆ.

ಬೇಡದ ಮರಿಗಳ ಪಾಡು ಇವೆಲ್ಲಕ್ಕಿಂತ ದೊಡ್ಡದು. ನಾಯಿಯ ಗರ್ಭ ಸುಮಾರು 63 ದಿನ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆದೆ. ಯಾರಿಗೂ ಬೇಡವಾದ ಮರಿಗಳು ಕೊನೆಗೆ ಸಂತೆ ಮಾಳದಲ್ಲೋ ಬಸ್ ನಿಲ್ದಾಣದಲ್ಲೋ ಬೀಳುತ್ತವೆ. ಬೀದಿ ನಾಯಿಗಳ ಸಂತಾನ ನಿಯಂತ್ರಣಕ್ಕೆ 2001ರಲ್ಲಿ ಬಂದ ಕೇಂದ್ರ ನಿಯಮಗಳ ಜಾಗಕ್ಕೆ 2023ರಲ್ಲಿ ಹೊಸ ನಿಯಮಗಳು ಬಂದಿವೆ. ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಎರಡೂ ಜೊತೆಯಾಗಿ ನಡೆಯಬೇಕೆಂಬುದು ಅವುಗಳ ತಿರುಳು. ಬೀದಿಯ ನಾಯಿ ಹೆಚ್ಚಾಗಿ ಮಧ್ಯಮ ಮೈಕಟ್ಟಿನದು. ಒಮ್ಮೆ ಕೈತಪ್ಪಿದರೆ ಮತ್ತೆ ಸಿಗದು. ಆದ್ದರಿಂದ ಮನೆಯ ದೊಡ್ಡ ಮರಿಗೆ ಹೇಳುವ 'ಕಾಯಿರಿ' ಎಂಬ ಮಾತನ್ನು ಬೀದಿಯ ನಾಯಿಗೆ ಅನ್ವಯಿಸಬಾರದು.

ಕೋರ್ಟಿಗೆ ಹೋದ ವಿಷಯ

ದೊಡ್ಡ ನಾಯಿಗಳ ಶಸ್ತ್ರಚಿಕಿತ್ಸೆಯ ಪ್ರಶ್ನೆ ಕರ್ನಾಟಕದಲ್ಲಿ ಕೋರ್ಟಿನ ಕಟ್ಟೆಯನ್ನೂ ಏರಿತ್ತು. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಸುತ್ತೋಲೆಯೊಂದನ್ನು ಹೊರಡಿಸಿತು. ರಾಟ್‌ವೀಲರ್, ಮಾಸ್ಟಿಫ್ ಸೇರಿದಂತೆ 23 ಬಗೆಯ 'ಅಪಾಯಕಾರಿ' ನಾಯಿಗಳ ಮಾರಾಟ, ಸಾಕಣೆಗೆ ಪರವಾನಗಿ ಕೊಡಬಾರದು, ಈಗಾಗಲೇ ಮನೆಗಳಲ್ಲಿರುವವುಗಳಿಗೆ ಸಂತಾನಹರಣ ಮಾಡಿಸಬೇಕು ಎಂಬುದು ಅದರ ಸಾರ. ಸಂಬಂಧಪಟ್ಟವರ ಮಾತು ಕೇಳದೆ ಇಂಥ ಆದೇಶ ಸಲ್ಲದು ಎಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು. ಅಲ್ಲಿನ ವಾದ ಕಾನೂನಿನದು. ಆದರೆ ವಿಜ್ಞಾನ ಕೂಡ ಇದರಲ್ಲಿ ಒಂದು ಮಾತು ಸೇರಿಸಬಲ್ಲದು. ಮೂರು ತಿಂಗಳ ಮರಿಗೂ ಮೂರು ವರ್ಷದ ನಾಯಿಗೂ ಒಂದೇ ಅಳತೆಗೋಲು ಸಾಲದು.

ಮನೆಯವರು ಮಾಡಬೇಕಾದುದು

ತಳಿ, ಲಿಂಗ, ಬೆಳೆದಾಗಿನ ತೂಕ ಈ ಮೂರನ್ನೂ ಮುಂದಿಟ್ಟುಕೊಂಡು ಪಶುವೈದ್ಯರನ್ನು ಕೇಳಬೇಕು. 2020ರ ಅಧ್ಯಯನ ಲ್ಯಾಬ್ರಡಾರ್ ಗಂಡಿಗೆ ಆರು ತಿಂಗಳು ದಾಟಲಿ, ಹೆಣ್ಣಿಗೆ ಒಂದು ವರ್ಷ ದಾಟಲಿ ಎಂದು ಸೂಚಿಸಿದೆ. ಜರ್ಮನ್ ಶೆಫರ್ಡ್‌ಗೆ ಎರಡು ವರ್ಷ ಕಾಯುವ ಸಲಹೆ ಇದೆ. ಕೊನೆಯ ತೀರ್ಮಾನ ಮಾತ್ರ ಮರಿಯನ್ನು ಮುಟ್ಟಿ ಪರೀಕ್ಷಿಸಿದ ವೈದ್ಯರದು. ಅನುಮಾನವಿದ್ದರೆ ಎಕ್ಸ್‌ರೇ ತೆಗೆದು ಬೆಳವಣಿಗೆಯ ಪಟ್ಟಿಗಳು ಮುಚ್ಚಿವೆಯೇ ಎಂದು ನೋಡಬಹುದು.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಹೆಣ್ಣು ನಾಯಿ ಬೆದೆಗೆ ಬಂದರೆ ಸುಮಾರು ಮೂರು ವಾರ ಅದನ್ನು ಒಳಗೇ ಕಾಪಾಡಬೇಕು. ತೋಟದ ಬೇಲಿ ಗಂಡು ನಾಯಿಗೆ ಲೆಕ್ಕಕ್ಕಿಲ್ಲ. ಈ ಜವಾಬ್ದಾರಿ ತಮ್ಮಿಂದಾಗದು ಎನ್ನುವ ಮನೆಯವರಿಗೆ ವೈದ್ಯರು ಬೇಗನೆ ಮಾಡಿಸಲು ಹೇಳಿದರೆ ಅದರಲ್ಲಿ ತಪ್ಪಿಲ್ಲ.

ಬೆಳೆಯುವ ಮರಿಯನ್ನು ಕೊಬ್ಬಿಸಬಾರದು. ದೊಡ್ಡ ಜಾತಿಯ ಮರಿಗೆ ವೈದ್ಯರ ಮಾತಿಲ್ಲದೆ ಕ್ಯಾಲ್ಸಿಯಂ ಕುಡಿಸುವುದು ಒಳ್ಳೆಯದಕ್ಕಿಂತ ಕೆಟ್ಟದ್ದನ್ನೇ ಮಾಡಬಹುದು. ನುಣುಪು ಟೈಲ್ಸ್ ನೆಲದ ಮೇಲೆ ಜಾರಿ ಬೀಳದಂತೆ ಗೋಣಿತಾಟು ಹಾಸಬೇಕು. ಮಕ್ಕಳು ಮರಿಯನ್ನು ಎತ್ತರದಿಂದ ಹಾರಿಸುವ ಆಟ ಆಡಬಾರದು. ಶಸ್ತ್ರಚಿಕಿತ್ಸೆಯ ನಂತರ ನಾಯಿ ಬೇಗ ದಪ್ಪಗಾಗುತ್ತದೆ, ಆಗ ಊಟ ತಗ್ಗಿಸಿ ಓಡಾಟ ಹೆಚ್ಚಿಸಬೇಕು.

ಮರಿ ತರಬೇಕೆಂದು ಹಟ ಹಿಡಿದ ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಮನೆಗೆ ಬಂದ ದಿನದಿಂದ ತಿಂಗಳಿಗೊಮ್ಮೆ ಮರಿಯ ತೂಕ ಮತ್ತು ಎತ್ತರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ನಕ್ಷೆ ಎಳೆಯಲಿ. ಮೊದಲು ಕಡಿದಾಗಿ ಏರುವ ಗೆರೆ ನಿಧಾನವಾಗಿ ಬಾಗಿ, ಒಂದು ದಿನ ಸಮನಾಗುತ್ತದೆ. ಆ ನೋಟ್‌ಬುಕ್ಕನ್ನು ವೈದ್ಯರ ಮುಂದೆ ತೆರೆದರೆ 'ಯಾವಾಗ' ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಅವರಿಗೂ ಸುಲಭ.

ಚೌತಿಯಂದು ಹದ ಮಾಡಿದ ಮಣ್ಣಿಗೆ ಗೂಳೂರಿನವರು ದೀಪಾವಳಿಯವರೆಗೆ ಕಾಲ ಕೊಡುತ್ತಾರೆ. ಬಾಲ ಅಲ್ಲಾಡಿಸುತ್ತಾ ಬಾಗಿಲಿಗೆ ಬಂದ ಜೀವಕ್ಕೆ ಇನ್ನೊಂದು ವರ್ಷ ಕೊಡುವುದು ಅಷ್ಟು ಕಷ್ಟದ ಮಾತೇನಲ್ಲ.